ಹತ್ತು ಗುಂಟೆ, ಒಂದು ವರ್ಷ: ಜಮೀನು ಕೊಳ್ಳುವ ಮುಂಚೆ ಬೇಸಾಯ ಕಲಿಯುವುದು ಹೇಗೆ?

"ಮೈಸೂರಿನ ಹತ್ತಿರ ಎರಡು ಎಕರೆ ನೋಡಿದ್ದೇವೆ, ಏನು ಬೆಳೆದರೆ ಒಳ್ಳೆಯದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಂಡ್ಯದ ಕಡೆಯವರು "ಅಪ್ಪನ ಜಮೀನಿದೆ, ಊರಿಗೆ ವಾಪಸ್ ಬರ್ತಾ ಇದ್ದೀನಿ, ಎಲ್ಲಿಂದ ಶುರು ಮಾಡಲಿ?" ಎನ್ನುತ್ತಾರೆ. ಇಬ್ಬರಿಗೂ ನಮ್ಮ ಉತ್ತರ ಒಂದೇ. ಬೆಳೆ ಯಾವುದೆಂದು ತೀರ್ಮಾನಿಸುವ ಮುಂಚೆ ಒಂದು ಪೂರ್ತಿ ವರ್ಷ, ಹತ್ತು ಗುಂಟೆ ನೆಲದಲ್ಲಿ, ಆ ಊರಿನ ರೈತರೊಬ್ಬರ ಜೊತೆ ಕೆಲಸ ಮಾಡಿ. ಸಾಧ್ಯವಾದರೆ ಆ ನೆಲ ನಿಮ್ಮದಾಗಿರದಿರಲಿ.

ಒಂದು ವರ್ಷವೇ ಏಕೆ ಎಂದರೆ, ಈ ಸೀಮೆಯ ಮಳೆಗೆ ಎರಡು ಉಬ್ಬುಗಳಿವೆ. ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರ್. ಅದರಲ್ಲಿ ಒಂದು ಭಾಗ ಮೇ ತಿಂಗಳ ಗುಡುಗು ಮಳೆ, ಇನ್ನೊಂದು ದೊಡ್ಡ ಭಾಗ ಸೆಪ್ಟೆಂಬರ್–ಅಕ್ಟೋಬರ್‌ನದು. ನಡುವೆ ಜೂನ್, ಜುಲೈನಲ್ಲಿ ಮೋಡ ಮುಸುಕಿ ಗಾಳಿ ಬೀಸಿದರೂ ಎಷ್ಟೋ ಸಲ ಜಿನುಗಿ ಹೋಗುತ್ತದೆ. ಮೇ ಮಳೆ ನೋಡಿ ನೀರಿಗೆ ಬರವಿಲ್ಲ ಅಂದುಕೊಂಡವರು ಜುಲೈನಲ್ಲಿ ಪೈರು ಬಾಡಿದಾಗ ಕಂಗಾಲಾಗುತ್ತಾರೆ. ಮೂರು ತಿಂಗಳ ತರಬೇತಿ ಎಷ್ಟೇ ಚೆನ್ನಾಗಿದ್ದರೂ ಇದನ್ನು ಕಣ್ಣಿಗೆ ತೋರಿಸಲಾರದು.

ಹತ್ತು ಗುಂಟೆಯೇ ಏಕೆ ಎಂದರೆ, 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ. ಹತ್ತು ಗುಂಟೆ ಕಾಲು ಎಕರೆ. ಎಕರೆಯ ಲೆಕ್ಕ ಸಿಗಬೇಕಾದರೆ ನಾಲ್ಕರಿಂದ ಗುಣಿಸಿದರಾಯಿತು. ಇಬ್ಬರು ತಾವೇ ಕೈಯಾರೆ ನಿಭಾಯಿಸಬಹುದಾದ ಅಳತೆಯೂ ಇಷ್ಟೇ.

ಕೈಯಲ್ಲಿ ಇರಬೇಕಾದ್ದು

ಗುದ್ದಲಿ, ಸಲಿಕೆ, ಕುಡುಗೋಲು, 30 ಮೀಟರ್ ಟೇಪು, 200 ಲೀಟರಿನ ಡ್ರಮ್ಮು, 5 ಕೆ.ಜಿ.ಯವರೆಗೆ ಸರಿಯಾಗಿ ತೂಗುವ ತಕ್ಕಡಿ, ಒಂದು ಮಳೆಮಾಪಕ. ಮಳೆಮಾಪಕ ಕೊಳ್ಳಲೇಬೇಕೆಂದಿಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಪಾಟಾಗಿರುವ ಡಬ್ಬಿಯನ್ನು ಮರದ ನೆರಳಿಲ್ಲದ ಕಡೆ ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಗೆ ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. 25 ಮಿಲಿಮೀಟರ್ ಎಂದರೆ ಒಂದು ಇಂಚು ಮಳೆ. ಇವೆಲ್ಲದರ ಜೊತೆಗೆ ಗಟ್ಟಿ ರಟ್ಟಿನ ನೋಟ್‌ಬುಕ್ಕು. ಮಳೆ, ಆಳು, ಖರ್ಚು, ಹುಳ, ರೋಗ, ಬೆಲೆ ಎಲ್ಲವೂ ಅದೇ ದಿನ ಅದರಲ್ಲಿ ಇಳಿಯಬೇಕು. ರಾತ್ರಿ ನೆನಪಿಸಿಕೊಂಡು ಬರೆದ ಲೆಕ್ಕದಲ್ಲಿ ಆಳಿನ ಖರ್ಚು ಯಾವಾಗಲೂ ಕಡಿಮೆಯಾಗಿಯೇ ಇರುತ್ತದೆ.

1. ನಾಲೆಯ ಕೆಳಗೋ, ಮಳೆಯಾಶ್ರಯವೋ ತೀರ್ಮಾನಿಸಿ

ಮಂಡ್ಯ, ಮೈಸೂರು ಅಂದರೆ ಒಂದೇ ಬೇಸಾಯವಲ್ಲ. ಮಂಡ್ಯ, ಪಾಂಡವಪುರ, ಮದ್ದೂರು, ಮಳವಳ್ಳಿಯ ಅಚ್ಚುಕಟ್ಟಿನಲ್ಲಿ, ಅಂದರೆ ಕೆ.ಆರ್.ಎಸ್. ನಾಲೆ ನೀರು ಹರಿಯುವ ಬಯಲಿನಲ್ಲಿ, ಭತ್ತ ಮತ್ತು ಕಬ್ಬು. ನಂಜನಗೂಡು, ತಿ. ನರಸೀಪುರದ ಕಡೆ ಕಬಿನಿ ನೀರು. ನಾಗಮಂಗಲದ ಬಹುಭಾಗ ಮಳೆ ನಂಬಿದ ರಾಗಿ, ಹುರುಳಿ, ತೆಂಗು. ಹುಣಸೂರು, ಎಚ್.ಡಿ. ಕೋಟೆಯ ಕಡೆ ಹೊಗೆಸೊಪ್ಪು, ಹತ್ತಿ, ರಾಗಿ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ನೀವು ಮುಂದೆ ನೆಲೆಸಬೇಕೆಂದಿರುವ ಸೀಮೆಯಲ್ಲೇ ಕಲಿಯಿರಿ.

ಹೊಸಬರಿಗೆ ಅಚ್ಚುಕಟ್ಟು ಸುಲಭ ಎಂಬ ನಂಬಿಕೆ ಇದೆ. ನೀರೇನೋ ಸಿಗುತ್ತದೆ, ಆದರೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ನೀರು ಯಾವಾಗ, ಎಷ್ಟು ದಿನ ಎಂಬುದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ನೀರು ಕಡಿಮೆ ಇದ್ದ ವರ್ಷ ಕಟ್ಟು ಪದ್ಧತಿ ಬರುತ್ತದೆ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. 2023ರ ಬರದಲ್ಲಿ 124.80 ಅಡಿಯ ಕೆ.ಆರ್.ಎಸ್. ತುಂಬಲೇ ಇಲ್ಲ. ಆ ವರ್ಷ ನಾಲೆಯ ಕೊನೆ ಭಾಗದವರು ಏನು ಮಾಡಿದರು ಎಂದು ಆ ಊರಲ್ಲೇ ಕೇಳಿ ತಿಳಿದುಕೊಳ್ಳಿ.

ಎಚ್ಚರಿಕೆ: ಸುತ್ತ ಭತ್ತದ ಗದ್ದೆ ಇದ್ದು, ನಡುವಿನ ತಾಕು ಮಾತ್ರ ನಿಮ್ಮದಾದರೆ ಅಲ್ಲಿ ಪಪ್ಪಾಯಿ, ತರಕಾರಿ ಆಗದು. ಮೇಲಿನ ಗದ್ದೆಯ ನೀರು ಬಸಿದು ಬೇರು ಕೊಳೆಯುತ್ತದೆ. ಅನೇಕ ಕಡೆ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ, ತಾಕಿಗೆ ಬೇರೆ ಕಾಲುವೆಯೇ ಇರುವುದಿಲ್ಲ. ನಾಟಿ ಆದ ಮೇಲೆ ಅಕ್ಕಪಕ್ಕದ ಗದ್ದೆ ದಾಟಿ ಟ್ರ್ಯಾಕ್ಟರೂ ಒಳಗೆ ಹೋಗದು.

2. ಕಲಿಸುವ ಜಾಗ, ಕಲಿಸುವ ಜನ

ಮಂಡ್ಯದ ವಿ.ಸಿ. ಫಾರಂನಲ್ಲಿ ವಲಯ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಕೆ.ಎಂ.ಆರ್. ಎಂದು ಶುರುವಾಗುವ ರಾಗಿ ತಳಿಗಳು, ಕೆ.ಆರ್.ಎಚ್. ಹೈಬ್ರಿಡ್ ಭತ್ತ, ವಿ.ಸಿ.ಎಫ್. 0517 ಕಬ್ಬು ಎಲ್ಲವೂ ಅಲ್ಲಿಯ ಕೆಲಸ. ಮೈಸೂರು ಜಿಲ್ಲೆಯವರಿಗೆ ಸುತ್ತೂರಿನಲ್ಲಿ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವಿದೆ. ರೇಷ್ಮೆ ಮಾಡುವವರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಗೆ ಹೋಗಬೇಕು. ಈಗ ಎಲ್ಲೆಡೆ ಕಾಣುವ ವಿ-1 ಹಿಪ್ಪುನೇರಳೆ ಅಲ್ಲಿಂದಲೇ ಬಂದದ್ದು. ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ ಸಿಗುತ್ತದೆ, ಯೋಜನೆಗಳ ಮಾಹಿತಿ ಸಿಗುತ್ತದೆ. ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಕೇಳಬಹುದು, ದುಡ್ಡು ಕೊಡಬೇಕಿಲ್ಲ.

ಕೇಂದ್ರಗಳಿಗೆ ಬರಿಗೈಯಲ್ಲಿ ಹೋಗಿ "ಬೇಸಾಯ ಕಲಿಸಿ" ಎಂದರೆ ಒಂದು ಕೈಪಿಡಿ ಸಿಕ್ಕೀತು, ಅಷ್ಟೇ. ಮಣ್ಣು ಪರೀಕ್ಷೆಯ ಚೀಟಿ, ರೋಗ ಬಂದ ಗಿಡ, ನಿಮ್ಮ ನೋಟ್‌ಬುಕ್ಕು ಹಿಡಿದು ಹೋಗಿ. ಗಿಡವನ್ನು ಬೇರುಸಮೇತ, ಸ್ವಲ್ಪ ಮಣ್ಣಿನೊಂದಿಗೆ ಕಿತ್ತು ಒಯ್ಯಿರಿ. ಒಂದು ಎಲೆಯ ಫೋಟೋ ನೋಡಿ ಬೇರಿನ ರೋಗ ಹೇಳಲು ಆಗುವುದಿಲ್ಲ.

ನಿಜವಾದ ಕಲಿಕೆ ರೈತರ ಬಳಿಯಲ್ಲೇ. ಕೇಳುವ ರೀತಿ ಮಾತ್ರ ಸರಿಯಾಗಿರಬೇಕು. "ಎಕರೆಗೆ ಎಷ್ಟು ಲಾಭ ಬರುತ್ತೆ ಗೌಡ್ರೇ?" ಎಂದರೆ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. "ಅಣ್ಣ, ಹೋದ ಮೂರು ವರ್ಷದಲ್ಲಿ ಯಾವ ಬೆಳೆ ಕೈಕೊಡ್ತು? ಯಾಕೆ?" ಎಂದು ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಕಳೆ ಕೀಳಲು, ನಾಟಿಗೆ ಬರುವ ಅಕ್ಕಂದಿರನ್ನು ಮಾತಾಡಿಸುವುದನ್ನು ಮರೆಯಬೇಡಿ. ಯಾವ ಹೊಲದಲ್ಲಿ ಜೇಕು ಹೆಚ್ಚು, ಯಾರ ಗದ್ದೆಯಲ್ಲಿ ಕಾಲು ಹೂಳುತ್ತದೆ, ಯಾವ ವಾರ ಆಳು ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

3. ಹತ್ತು ಗುಂಟೆಗೆ ಒಪ್ಪಂದ

"ಗುತ್ತಿಗೆಗೆ ಕೊಡಿ" ಎಂದರೆ ಜಮೀನಿನವರು ಹಿಂದೆ ಸರಿಯುತ್ತಾರೆ. ಅದಕ್ಕೆ ಕಾರಣವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಕಾಗದದಲ್ಲಿ ಇನ್ನೊಬ್ಬರ ಹೆಸರು ಕೂತರೆ ನೆಲ ಕೈಬಿಟ್ಟೀತು ಎಂಬ ಭಯ ಹಳ್ಳಿಯಲ್ಲಿ ಇನ್ನೂ ಇದೆ. ಹಾಗಾಗಿ ನಾವು ಹೇಳುವ ದಾರಿ ಇದು: ಬೇಸಾಯ ಅವರದೇ, ಪಹಣಿಯ (ಜಮೀನಿನ ಸರ್ಕಾರಿ ದಾಖಲೆ) ಬೆಳೆ ಕಾಲಂನಲ್ಲಿ ಅವರ ಹೆಸರೇ, ಫಸಲೂ ಅವರಿಗೇ. ಬೀಜ, ಗೊಬ್ಬರ, ಉಳುಮೆ, ಆಳಿನ ಖರ್ಚು ನಿಮ್ಮದು, ಮೈ ಕೆಲಸವೂ ನಿಮ್ಮದು. ಮನೆಗೆ ಬೇಕಾದಷ್ಟು ಸೊಪ್ಪು ತರಕಾರಿ ನಿಮಗೆ. ಮಾಲೀಕರಿಗೆ ನಷ್ಟವಿಲ್ಲ, ನಿಮಗೆ ವರ್ಷವಿಡೀ ಹೇಳಿಕೊಡುವವರು ಸಿಗುತ್ತಾರೆ. ಅಪ್ಪನ ಜಮೀನಿದ್ದವರೂ ಅಷ್ಟೇ. ಈಗ ಅದನ್ನು ಮಾಡುತ್ತಿರುವವರನ್ನು ಏಕಾಏಕಿ ಬಿಡಿಸಬೇಡಿ, ಹತ್ತು ಗುಂಟೆ ಮಾತ್ರ ಕೇಳಿ.

4. ನೀರು ಅಳೆಯುವುದು: ಏಪ್ರಿಲ್, ಮೇ

ಯುಗಾದಿ ಕಳೆದು ಊರಲ್ಲಿ ಹೊನ್ನಾರು (ವರ್ಷದ ಮೊದಲ ಉಳುಮೆ) ಕಟ್ಟುವ ಹೊತ್ತಿಗೆ ನೀವು ಹೊಲದಲ್ಲಿರಬೇಕು. ಮೊದಲ ಕೆಲಸ ಕೊಳವೆಬಾವಿಯ ನೀರಿನ ಲೆಕ್ಕ. "ಎರಡಿಂಚು ನೀರು" ಎಂಬ ಮಾತು ಬಾವಿ ಕೊರೆದ ದಿನದ್ದು. ಈಗ ಎಷ್ಟಿದೆ ಎಂಬುದನ್ನು ನೀವೇ ಅಳೆಯಬೇಕು.

ಪಂಪು ಹಾಕಿ ಕನಿಷ್ಠ ಒಂದು ಗಂಟೆ ಓಡಲು ಬಿಡಿ. ಮೊದಲ ಹತ್ತು ನಿಮಿಷ ಬಾವಿಯಲ್ಲಿ ಕೂಡಿಕೊಂಡ ನೀರು ರಭಸದಿಂದ ಬರುತ್ತದೆ, ಅದನ್ನು ನಂಬಬಾರದು. ಒಂದು ಗಂಟೆಯ ನಂತರ 200 ಲೀಟರ್ ಡ್ರಮ್ಮು ತುಂಬಲು ಎಷ್ಟು ಹೊತ್ತು ಹಿಡಿಯಿತು ನೋಡಿ. ನಾಲ್ಕು ನಿಮಿಷ ಹಿಡಿದರೆ ನಿಮಿಷಕ್ಕೆ 50 ಲೀಟರ್, ಗಂಟೆಗೆ 3,000 ಲೀಟರ್. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು 7 ಗಂಟೆ ಪೂರ್ತಿ ಬಂದರೆ ದಿನಕ್ಕೆ 21,000 ಲೀಟರ್.

ಈಗ ಬೆಳೆಯ ಕಡೆಯಿಂದ ಲೆಕ್ಕ. ಬಿರು ಬೇಸಿಗೆಯಲ್ಲಿ ಮೈತುಂಬ ಬೆಳೆದ ತರಕಾರಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಒಂದು ಎಕರೆಗೆ ಅದು ಸುಮಾರು 20,000 ಲೀಟರ್. ಅಂದರೆ ನಾಲ್ಕು ನಿಮಿಷಕ್ಕೆ ಡ್ರಮ್ಮು ತುಂಬುವ ಬಾವಿ, ಹನಿ ನೀರಾವರಿ ಹಾಕಿದರೂ, ಮೇ ತಿಂಗಳಲ್ಲಿ ಸಾಕುವುದು ಒಂದೇ ಎಕರೆ ತರಕಾರಿಯನ್ನು. ಕಾಲುವೆ ಮಾಡಿ ಹಾಯಿಸಿದರೆ ಅಷ್ಟೂ ಇಲ್ಲ. ಕರೆಂಟು ಏಳು ಗಂಟೆಯ ಬದಲು ನಾಲ್ಕು ಗಂಟೆ ಬಂದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಹೋಗಿ. ಜಮೀನು ನೋಡಲು ಹೋದಾಗಲೂ ಡ್ರಮ್ಮು ಜೊತೆಯಲ್ಲಿರಲಿ. ಅಕ್ಟೋಬರ್‌ನಲ್ಲಿ ಅಳೆದ ನೀರು ಏಪ್ರಿಲ್‌ನಲ್ಲಿ ಇರುವುದಿಲ್ಲ.

5. ಮಣ್ಣು ತೆಗೆಯುವುದು, ಚೀಟಿ ಓದುವುದು

ಮಣ್ಣು ಪರೀಕ್ಷೆ ಕೆಡುವುದು ಪ್ರಯೋಗಾಲಯದಲ್ಲಲ್ಲ, ಹೊಲದಲ್ಲಿ ಮಣ್ಣು ತೆಗೆಯುವಾಗ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ಬುಡ, ನೀರು ನಿಲ್ಲುವ ತಗ್ಗು, ಇತ್ತೀಚೆಗೆ ಗೊಬ್ಬರ ಹಾಕಿದ ಸಾಲು ಇವನ್ನು ಬಿಡಿ. ಹತ್ತು ಗುಂಟೆಯಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಜಾಗ ಗುರುತು ಮಾಡಿ. ಮೇಲಿನ ಕಸ ಸರಿಸಿ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಿ. ಗುಂಡಿಯಿಂದ ಎತ್ತಿದ ಮಣ್ಣು ಬೇಡ. ಗುಂಡಿಯ ಒಂದು ಗೋಡೆಯಿಂದ, ಮೇಲಿನಿಂದ ತಳದವರೆಗೆ, ಒಂದಿಂಚು ದಪ್ಪದ ಹಲ್ಲೆಯನ್ನು ಕೆರೆದು ಬಕೆಟ್ಟಿಗೆ ಹಾಕಿ.

ಎಲ್ಲ ಜಾಗದ ಮಣ್ಣು ಬೆರೆಸಿ ಗೋಣಿಯ ಮೇಲೆ ಹರಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಎಸೆದು ಉಳಿದದ್ದನ್ನು ಮತ್ತೆ ಬೆರೆಸಿ. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ ಮಾಡಿ. ಒಣಗಿಸುವುದು ನೆರಳಿನಲ್ಲಿ. ಗೊಬ್ಬರದ ಹಳೇ ಚೀಲದಲ್ಲಿ ಮಾತ್ರ ತುಂಬಬೇಡಿ, ಅದರಲ್ಲಿ ಅಂಟಿದ ಯೂರಿಯಾ, ಪೊಟ್ಯಾಷ್ ಚೀಟಿಯ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಚೀಟಿ ಬಂದಾಗ ಮೊದಲು ಮೂರು ಅಂಕಿ ನೋಡಿ. ರಸಸಾರ, ಅಂದರೆ ಮಣ್ಣಿನ ಹುಳಿ–ಕ್ಷಾರದ ಅಳತೆ, 6.5ರಿಂದ 7.5ರೊಳಗೆ ಇದ್ದರೆ ನಿಶ್ಚಿಂತೆ. 8.5 ದಾಟಿದ್ದರೆ ಅದು ಕ್ಷಾರ ನೆಲ. ಸುಮ್ಮನೆ ಗೊಬ್ಬರ ಸುರಿಯದೆ ಜಿಪ್ಸಮ್ ಎಷ್ಟು ಬೇಕೆಂದು ಕೇಂದ್ರದಲ್ಲಿ ಕೇಳಬೇಕು, ಬಸಿಗಾಲುವೆಯನ್ನೂ ಮಾಡಬೇಕು. ಎರಡನೆಯದು ಲವಣಾಂಶ, ಚೀಟಿಯಲ್ಲಿ ಇ.ಸಿ. ಎಂದಿರುತ್ತದೆ. ಒಂದರ ಒಳಗಿದ್ದರೆ ಸರಿ. ನಾಲೆಯ ಕೊನೆ ಭಾಗದ ಚೌಳು ನೆಲಗಳಲ್ಲಿ ಇದು ಏರಿರುತ್ತದೆ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣುತ್ತದೆ. ಮೂರನೆಯದು ಸಾವಯವ ಇಂಗಾಲ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣಿನಲ್ಲಿ ಜೀವಾಂಶ ಸಾಲದು, ಮೊದಲ ಖರ್ಚು ಕೊಟ್ಟಿಗೆ ಗೊಬ್ಬರಕ್ಕೆ.

6. ಹತ್ತು ಗುಂಟೆಯ ಪಾಲು

ಮಳೆಯಾಶ್ರಯದ ಹೊಲ, ಪಕ್ಕದಲ್ಲಿ ಸ್ವಲ್ಪ ಬಾವಿ ನೀರು ಎಂದಿಟ್ಟುಕೊಳ್ಳೋಣ. ಆರು ಗುಂಟೆ ರಾಗಿ, ಎರಡು ಗುಂಟೆ ತರಕಾರಿ, ಒಂದು ಗುಂಟೆ ಸೊಪ್ಪು. ಉಳಿದ ಒಂದು ಗುಂಟೆ ಓಡಾಟದ ದಾರಿಗೆ, ಒಟ್ಲಿಗೆ (ಸಸಿ ಮಡಿ), ಗೊಬ್ಬರದ ಗುಂಡಿಗೆ.

ಭರಣಿ, ಕೃತ್ತಿಕೆ ಮಳೆ (ಏಪ್ರಿಲ್ ಕೊನೆಯಿಂದ ಮೇವರೆಗಿನದು) ಹದವಾಗಿ ಬಿದ್ದರೆ ಆರು ಗುಂಟೆಯನ್ನು ಉತ್ತು ಅಲಸಂದೆ ಚೆಲ್ಲಿ, ಒಂದೂವರೆಯಿಂದ ಎರಡು ಕೆ.ಜಿ. ಬೀಜ ಸಾಕು. ಮಳೆ ಕೈಹಿಡಿದರೆ ಜುಲೈ ನಡುವಿಗೆ ಕಾಳು. ಕೈಕೊಟ್ಟರೆ ಹೂವಿನಲ್ಲೇ ಉತ್ತು ಮಣ್ಣಿಗೆ ಸೇರಿಸಿ, ರಾಗಿಗೆ ಹಸಿರೆಲೆ ಗೊಬ್ಬರವಾಗುತ್ತದೆ. ಹೊಸಬರು ಇಲ್ಲಿ ಎಡವುವುದು ಹದ ತಿಳಿಯದೆ. ಮಳೆ ಬಿದ್ದ ಮರುದಿನವೇ ಟ್ರ್ಯಾಕ್ಟರ್ ಇಳಿಸಿದರೆ ಕೆಂಪು ಮಣ್ಣು ಹೆಂಟೆ ಕಟ್ಟಿ ಇಟ್ಟಿಗೆಯಂತಾಗುತ್ತದೆ. ಒಂದು ಹಿಡಿ ಮಣ್ಣು ಅದುಮಿ ಉಂಡೆ ಮಾಡಿ ಎದೆಯೆತ್ತರದಿಂದ ಬಿಡಿ. ನೆಲಕ್ಕೆ ಬಿದ್ದು ಪುಡಿಯಾದರೆ ಹದ, ಚಪ್ಪಟೆಯಾಗಿ ಅಂಟಿದರೆ ಇನ್ನೂ ಒಂದೆರಡು ದಿನ ಕಾಯಬೇಕು. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ.

7. ರಾಗಿ: ಬಿತ್ತುವುದರಿಂದ ಮೆದೆಯವರೆಗೆ

ಕಲಿಯುವವರಿಗೆ ರಾಗಿಗಿಂತ ಒಳ್ಳೆಯ ಬೆಳೆ ಈ ಸೀಮೆಯಲ್ಲಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತಪ್ಪು ಮಾಡಿದರೆ ತೋರಿಸುತ್ತದೆ, ಆದರೆ ಪೂರ್ತಿ ಕೈಬಿಡುವುದಿಲ್ಲ. ಜುಲೈ ಕೊನೆಗೆ ಬಿತ್ತುವುದಾದರೆ ಜಿ.ಪಿ.ಯು.-28 ಹೊಂದುತ್ತದೆ. ಸುಮಾರು 110ರಿಂದ 115 ದಿನದ ತಳಿ, ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆ. ಆಗಸ್ಟ್ ನಡುವಿಗೆ ಹೋದರೆ ಕೆ.ಎಂ.ಆರ್.-204ರಂಥ ಅಲ್ಪಾವಧಿ ತಳಿಗೆ ಬದಲಿಸಿ. ಚೀಲದ ಮೇಲಿನ ನೀಲಿ ಚೀಟಿ ಪ್ರಮಾಣಿತ ಬೀಜದ ಗುರುತು. ಅದನ್ನೂ ರಸೀದಿಯನ್ನೂ ಕೊಯ್ಲು ಮುಗಿಯುವವರೆಗೆ ಇಟ್ಟುಕೊಳ್ಳಿ. ಮೊಳಕೆ ಬರದಿದ್ದರೆ ದೂರಿಗೆ ಅದೇ ಆಧಾರ. ಬಿತ್ತುವ ವಾರದ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಕೊಟ್ಟಿಗೆ ಗೊಬ್ಬರ ಎಕರೆಗೆ 3 ಟನ್ನಿನ ಲೆಕ್ಕದಲ್ಲಿ ಆರು ಗುಂಟೆಗೆ 450 ಕೆ.ಜಿ., ಬಿತ್ತುವ ಎರಡು ಮೂರು ವಾರ ಮೊದಲು. ಕೈ ಹಾಕಿದರೆ ಬಿಸಿಯಿರಬಾರದು, ಸಗಣಿ ವಾಸನೆ ಇರಬಾರದು, ಕಪ್ಪಗೆ ಉದುರುದುರಾಗಿರಬೇಕು. ಅರೆ ಕೊಳೆತ ಗೊಬ್ಬರ ತಂದರೆ ಜೊತೆಗೆ ಕಳೆ ಬೀಜವನ್ನೂ ಗೊಣ್ಣೆ ಹುಳುವನ್ನೂ ತಂದಂತೆ.

ರಸಗೊಬ್ಬರದ ಲೆಕ್ಕ ಒಮ್ಮೆ ಕೈಯಾರೆ ಮಾಡಿ ಕಲಿತರೆ ಯಾವ ಅಂಗಡಿಯಲ್ಲೂ ಮೋಸ ಹೋಗುವುದಿಲ್ಲ. ಮಳೆಯಾಶ್ರಯದ ರಾಗಿಗೆ ಶಿಫಾರಸು ಎಕರೆಗೆ ಸಾರಜನಕ 20 ಕೆ.ಜಿ., ರಂಜಕ 16, ಪೊಟ್ಯಾಷ್ 15. ಆರು ಗುಂಟೆ ಎಂದರೆ ಎಕರೆಯ ಶೇ. 15, ಹಾಗಾಗಿ ಬೇಕಾದ್ದು 3, 2.4 ಮತ್ತು 2.25 ಕೆ.ಜಿ. ಡಿ.ಎ.ಪಿ.ಯಲ್ಲಿ ರಂಜಕ ಶೇ. 46, ಸಾರಜನಕ ಶೇ. 18. ರಂಜಕಕ್ಕಾಗಿ 5.2 ಕೆ.ಜಿ. ಡಿ.ಎ.ಪಿ. ಹಾಕಿದಾಗ ಸಾರಜನಕವೂ 0.94 ಕೆ.ಜಿ. ಸಿಕ್ಕಿತು. ಬಿತ್ತುವಾಗ ಅರ್ಧ ಸಾರಜನಕ, ಅಂದರೆ ಒಂದೂವರೆ ಕೆ.ಜಿ. ಕೊಡಬೇಕು. ಕೊರತೆಗೆ ಯೂರಿಯಾ 1.2 ಕೆ.ಜಿ., ಯಾಕೆಂದರೆ ಯೂರಿಯಾದಲ್ಲಿ ಸಾರಜನಕ ಶೇ. 46. ಪೊಟ್ಯಾಷ್ ಗೊಬ್ಬರದಲ್ಲಿ ಸತ್ವ ಶೇ. 60, ಅದು 3.75 ಕೆ.ಜಿ. ಉಳಿದ ಸಾರಜನಕಕ್ಕೆ 3.3 ಕೆ.ಜಿ. ಯೂರಿಯಾವನ್ನು ತಿಂಗಳ ಪೈರಿಗೆ, ಕಳೆ ತೆಗೆದ ಮೇಲೆ, ನೆಲದಲ್ಲಿ ತೇವ ಇದ್ದಾಗ ಮಾತ್ರ. ಒಣ ನೆಲಕ್ಕೆ ಎಸೆದ ಯೂರಿಯಾ ಗಾಳಿಗೆ ಹೋಗುತ್ತದೆ. ಮಣ್ಣಿನ ಚೀಟಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ, ಲೆಕ್ಕದ ರೀತಿ ಇದೇ.

ಕೂರಿಗೆಯಲ್ಲಿ (ಸಾಲಾಗಿ ಬೀಜ ಬಿಡುವ ಸಾಧನ) ಬಿತ್ತಿದರೆ ಎಕರೆಗೆ 4ರಿಂದ 5 ಕೆ.ಜಿ. ಬೀಜ, ಆರು ಗುಂಟೆಗೆ 600ರಿಂದ 750 ಗ್ರಾಂ. ಕೈಯಲ್ಲಿ ಹಿಡಿದರೆ ಇಷ್ಟೇನಾ ಅನ್ನಿಸುತ್ತದೆ, ಅದಕ್ಕೇ ಎಲ್ಲರೂ ಹೆಚ್ಚು ಬಿತ್ತುತ್ತಾರೆ. ಒಣ ಮರಳಿನ ಜೊತೆ ಬೆರೆಸಿಕೊಂಡರೆ ಸಮನಾಗಿ ಬೀಳುತ್ತದೆ. ಸಾಲಿನಿಂದ ಸಾಲಿಗೆ ಒಂದಡಿ, ಆಳ ಒಂದಿಂಚಿನೊಳಗೆ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು (ನಡುವೆ ಬೆಳೆಯುವ ಬೇರೆ ಬೆಳೆಯ ಸಾಲು), ಅವರೆ ಹಾಕಿ. 15ರಿಂದ 20 ದಿನಕ್ಕೆ ಒತ್ತಾದ ಪೈರು ಕಿತ್ತು ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಡಿ. ಚೆನ್ನಾಗಿರುವ ಪೈರು ಕೀಳಲು ಮನಸ್ಸು ಬರುವುದಿಲ್ಲ, ಆದರೆ ಕೀಳದಿದ್ದರೆ ತೆಂಡೆ (ಬುಡದಿಂದ ಒಡೆಯುವ ಕವಲು) ಬರುವುದಿಲ್ಲ, ತೆನೆ ಸಣ್ಣದಾಗುತ್ತದೆ. 25ರಿಂದ 30 ದಿನಕ್ಕೆ ಎಡೆಕುಂಟೆ (ಸಾಲುಗಳ ನಡುವೆ ಕಳೆ ತೆಗೆಯಲು ಹಾಯಿಸುವ ಕುಂಟೆ), ನಂತರ ಕೈ ಕಳೆ.

ಕಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಿಮ್ಮ ರಾಗಿ ಕಳೆಗೆ ಬರುವುದೂ ನಾಲೆ ಬಯಲಿನಲ್ಲಿ ಭತ್ತದ ನಾಟಿ ನಡೆಯುವುದೂ ಒಂದೇ ಕಾಲ. ಆಳುಗಳೆಲ್ಲ ನಾಟಿಗೆ ಹೋಗಿರುತ್ತಾರೆ. ಎರಡು ವಾರ ಮೊದಲೇ ಮಾತಾಡಿಕೊಳ್ಳಬೇಕು, ಮಾತಿಗೆ ತಪ್ಪದೆ ಅದೇ ಸಂಜೆ ಕೂಲಿ ಕೊಡಬೇಕು. ಒಮ್ಮೆ ಸತಾಯಿಸಿದವರ ಹೊಲಕ್ಕೆ ಮುಂದಿನ ವರ್ಷ ಯಾರೂ ಬರುವುದಿಲ್ಲ.

ನವೆಂಬರ್‌ನಲ್ಲಿ ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು ಒಣಗಿಸಿ ಮೆದೆ (ತೆನೆಸಮೇತದ ಹುಲ್ಲಿನ ಬಣವೆ) ಹಾಕಿ. ಸ್ವಾತಿ ಮಳೆಯ (ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ) ಹೊತ್ತಿಗೆ ಕೊಯ್ಲು ಬಿದ್ದರೆ ಟಾರ್ಪಾಲು ಮೊದಲೇ ತಂದಿಟ್ಟಿರಬೇಕು. ಮಳೆಯಾಶ್ರಯದಲ್ಲಿ ಎಕರೆಗೆ 8ರಿಂದ 10 ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ. ಆರು ಗುಂಟೆಗೆ ಅದು ಸುಮಾರು ಒಂದೂಕಾಲರಿಂದ ಒಂದೂವರೆ ಕ್ವಿಂಟಲ್. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಹಿಡಿದರೆ ಆರೇಳು ಸಾವಿರ. ನೋಟ್‌ಬುಕ್ಕಿನಲ್ಲಿ ಬರೆದ ಖರ್ಚನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. ನೀವು ಮಾಡಿದ ಮೈ ಕೆಲಸಕ್ಕೂ ಊರಿನ ಕೂಲಿ ದರ ಹಾಕಿ. ಹುಲ್ಲಿನ ಬೆಲೆಯನ್ನು ಬಿಡಬೇಡಿ, ಹಸು ಇರುವ ಮನೆಗೆ ಅದು ಕಾಳಿನಷ್ಟೇ ಮುಖ್ಯ.

8. ಸೊಪ್ಪು, ತರಕಾರಿ, ಸಂತೆ

ಸೊಪ್ಪಿನ ಒಂದು ಗುಂಟೆಯನ್ನು ನಾಲ್ಕು ಮಡಿ ಮಾಡಿ. ವಾರಕ್ಕೊಂದು ಮಡಿಯಂತೆ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಹಾಕುತ್ತಾ ಬಂದರೆ ತಿಂಗಳ ನಂತರ ಪ್ರತಿ ವಾರವೂ ಕೀಳಲು ಒಂದು ಮಡಿ ಸಿದ್ಧವಿರುತ್ತದೆ. ಒಂದೇ ದಿನ ನಾಲ್ಕೂ ಮಡಿ ಹಾಕಿದರೆ ಒಂದೇ ದಿನ ನಾಲ್ಕೂ ಬಲಿಯುತ್ತವೆ, ಅರ್ಧ ದನಕ್ಕೆ ಹೋಗುತ್ತದೆ.

ತರಕಾರಿಗೆ ಡಿಸೆಂಬರ್‌ನಲ್ಲಿ ಪೊದೆ ಹುರುಳಿಕಾಯಿ ಹಾಕಿ. ಅರ್ಕಾ ಕೋಮಲ್ ತಳಿ ಎರಡೂವರೆ ತಿಂಗಳೊಳಗೆ ಮುಗಿಯುತ್ತದೆ, ಕೋಲು ಕಟ್ಟುವ ಕೆಲಸವಿಲ್ಲ. ಮೊದಲ ವರ್ಷ ಟೊಮ್ಯಾಟೊ ಬೇಡ. ಕೋಲು, ದಾರ, ಔಷಧಿ ಎಂದು ಮೊದಲೇ ಹಣ ಕೇಳುತ್ತದೆ. ಬಿಳಿನೊಣ ತರುವ ಎಲೆ ಮುದುರು ರೋಗಕ್ಕೆ ಔಷಧಿಯೇ ಇಲ್ಲ. ಬೆಲೆಯನ್ನಂತೂ ನೆಚ್ಚಿಕೊಳ್ಳುವಂತಿಲ್ಲ.

ಔಷಧಿ ಹೊಡೆಯಲೇಬೇಕಾಗಿ ಬಂದರೆ ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದೂ ಡಬ್ಬಿಯೊಳಗಿನ ಕಾಗದದಲ್ಲಿರುತ್ತದೆ. ದಿನ ತುಂಬುವ ಮೊದಲು ಕೊಯ್ದು ಮಾರುವುದು ತಿನ್ನುವವರಿಗೆ ಮಾಡುವ ದ್ರೋಹ.

ಬೆಳೆದದ್ದು ಎರಡೇ ಮೂಟೆಯಾದರೂ ಒಮ್ಮೆ ಮೈಸೂರಿನ ಬಂಡೀಪಾಳ್ಯದ ಎ.ಪಿ.ಎಂ.ಸಿ.ಗೆ, ಒಮ್ಮೆ ಹತ್ತಿರದ ವಾರದ ಸಂತೆಗೆ ನೀವೇ ಒಯ್ಯಿರಿ. ಎಳನೀರು ಬೆಳೆಯುವ ಆಸೆಯಿರುವವರು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲೂ ಒಂದು ಬೆಳಿಗ್ಗೆ ಕಳೆಯಿರಿ. ಕೈಗೆ ಬಂದ ಹಣದಿಂದ ಬಾಡಿಗೆ, ಹಮಾಲಿ, ಚೀಲದ ಖರ್ಚು ಕಳೆದು ಕೆ.ಜಿ.ಗೆ ಎಷ್ಟು ಉಳಿಯಿತೆಂದು ಬರೆಯಿರಿ. ಅದೇ ದಿನ ನಿಮ್ಮ ಬೀದಿಯ ಅಂಗಡಿಯ ಬೆಲೆಯನ್ನೂ ಬರೆಯಿರಿ.

9. ಜಮೀನು ನೋಡಲು ಹೊರಡುವಾಗ

ವರ್ಷ ಮುಗಿದ ಮೇಲೂ ಮನಸ್ಸು ಗಟ್ಟಿಯಾಗಿದ್ದರೆ ಈಗ ಜಮೀನು ನೋಡಿ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ ಮತ್ತು ಖರಾಬು ಇರುತ್ತದೆ. ಖರಾಬು ಎಂದರೆ ಸಾಗುವಳಿಗೆ ಬಾರದ ಭಾಗ. ಅದರಲ್ಲಿ ಬಿ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದಕ್ಕೆ ದುಡ್ಡು ಕೊಡಬೇಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು. ಒಂದೇ ಸರ್ವೆ ನಂಬರಿನಲ್ಲಿ ಐದಾರು ಹೆಸರಿದ್ದು ಪೋಡಿ, ಅಂದರೆ ಪಾಲಿನ ಪ್ರಕಾರ ಅಳತೆ ಮಾಡಿ ಬೇರೆ ನಂಬರು ಕೊಡುವ ಕೆಲಸ, ಆಗಿರದಿದ್ದರೆ ಯಾವ ಮೂಲೆ ನಿಮ್ಮದೆಂದು ಪಹಣಿ ಹೇಳುವುದಿಲ್ಲ. ಮೂಲ ಮಂಜೂರಾತಿ ಪತ್ರವನ್ನೂ ನೋಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಎಷ್ಟು ಕೈ ಬದಲಾಗಿದ್ದರೂ ಅದು ಮೂಲ ಕುಟುಂಬಕ್ಕೆ ಮರಳಬಹುದು, ಮರಳಬೇಕಾದದ್ದೂ ನ್ಯಾಯವೇ. ಕಾಗದಗಳನ್ನು ವಕೀಲರಿಗೆ ತೋರಿಸುವ ಖರ್ಚಿನಲ್ಲಿ ಜಿಪುಣತನ ಬೇಡ.

ಸ್ಥಳಕ್ಕೆ ಎರಡು ಸಲ ಹೋಗಿ. ಮೇ ತಿಂಗಳಲ್ಲಿ ಡ್ರಮ್ಮು ಹಿಡಿದು ಒಮ್ಮೆ, ಅಕ್ಟೋಬರ್‌ನಲ್ಲಿ ಜೋರು ಮಳೆಯ ಮರುದಿನ ಒಮ್ಮೆ. ಎರಡನೇ ಸಲ ನೀರು ಎಲ್ಲಿ ನಿಂತಿದೆ, ಯಾರ ಬದು ಒಡೆದು ಯಾರ ಹೊಲಕ್ಕೆ ಹರಿದಿದೆ, ದಾರಿಯಲ್ಲಿ ಗಾಡಿ ಹೂಳುತ್ತದೆಯೇ ಎಂಬುದೆಲ್ಲ ತಾನಾಗಿ ಕಾಣುತ್ತದೆ. ಪಕ್ಕದ ಹೊಲದವರನ್ನು ಹಂದಿ, ನವಿಲಿನ ಕಾಟ ಕೇಳಿ. ಎಚ್.ಡಿ. ಕೋಟೆ, ಸರಗೂರು, ಹುಣಸೂರಿನ ಕಾಡಂಚಿನಲ್ಲಾದರೆ ಆನೆ ಯಾವ ತಿಂಗಳು ಇಳಿಯುತ್ತದೆ ಎಂದೂ ಕೇಳಿ. ಮುಂಗಡ ಕೊಡುವ ಮೊದಲು ಮಾಲೀಕರಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ವೆಗೆ, ಅರ್ಜಿ ಹಾಕಿಸಿ. ಸರ್ವೆಯವರು ಬರುವ ದಿನ ನಾಲ್ಕೂ ದಿಕ್ಕಿನ ಜಮೀನಿನವರು ಹಾಜರಿರುವಂತೆ ನೋಡಿಕೊಳ್ಳಿ, ಕಲ್ಲು ನೆಡುವಾಗ ನೀವೂ ಅಲ್ಲೇ ನಿಂತಿರಿ.